ಹತ್ತು ಪಟ್ಟು ನೆನಪು: ಶಿಬಿರದ ಸಂಚಾಲಕರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಚಾಲಕರೇ,

ತಮ್ಮ ಕರಪತ್ರ ಭಾನುವಾರದ ಪತ್ರಿಕೆಯ ಮಡಿಕೆಯಿಂದ ಜಾರಿ ನನ್ನ ಕಾಲ ಬಳಿ ಬಿತ್ತು. ಮೇಲೆ ಐನ್‌ಸ್ಟೈನ್, ಕೆಳಗೆ ಶಾಲು ಹೊದ್ದ ತಾವು, ನಡುವೆ ಬಲ್ಬಿನೊಳಗೆ ಹೊಳೆಯುವ ಮಿದುಳು. ಬೇಸಿಗೆ ರಜೆಯ ಮೂರು ವಾರದಲ್ಲಿ ಮಗುವಿನ ನೆನಪಿನ ಶಕ್ತಿ ಹತ್ತು ಪಟ್ಟು ಹೆಚ್ಚುತ್ತದೆ ಎಂದು ಕೆಂಪಕ್ಷರದಲ್ಲಿದೆ. ಪುರಾವೆಯನ್ನೂ ಕೊಟ್ಟಿದ್ದೀರಿ: ಮೊದಲ ದಿನ ಆರು ಅಂಕಿ ಹೇಳಲು ತಡವರಿಸಿದ ಹುಡುಗ, ಸಮಾರೋಪದ ದಿನ ನಲವತ್ತು ಅಂಕಿ ಒಪ್ಪಿಸಿದ. ಆರರ ಹತ್ತು ಪಟ್ಟು ಅರವತ್ತಾಗಬೇಕಲ್ಲವೇ ಎಂದು ಕೇಳುವ ಪೋಷಕರಿಗೆ ಅಬ್ಯಾಕಸ್ ತರಗತಿ ಪಕ್ಕದ ಕೋಣೆಯಲ್ಲೇ ನಡೆಯುತ್ತದೆ ಎಂಬುದೂ ಕೆಳಗೆ ನಮೂದಾಗಿದೆ. ಯಾವುದನ್ನೂ ಬಿಟ್ಟಿಲ್ಲ.

ನಾನು ತಕರಾರಿನವನಲ್ಲ. ನನ್ನ ತಮ್ಮನ ಮಗಳು ಹೋದ ಬೇಸಿಗೆಯಲ್ಲಿ ಇಂಥದ್ದೇ ಒಂದು ಶಿಬಿರ ಮುಗಿಸಿದವಳು. ಉದ್ದನೆಯ ಅಂಕಿಸಾಲನ್ನು ಹಿಂದಿನಿಂದ ಮುಂದಕ್ಕೂ ಒಪ್ಪಿಸಿ ಪದಕ ತಂದಳು. ನೀರಿನ ಬಾಟಲಿಯನ್ನು ಶಾಲೆಯಲ್ಲಿ ಬಿಟ್ಟು ಬರುವ ಅಭ್ಯಾಸ ಮಾತ್ರ ಹಾಗೇ ಉಳಿದಿದೆ. ಬಾಟಲಿಯ ಮೇಲೆ ಅಂಕಿ ಬರೆದಿರಲಿಲ್ಲವಾದ್ದರಿಂದ ಅದನ್ನು ತರಬೇತಿಯ ದೋಷ ಎನ್ನಲಾಗದು. ಈ ಪತ್ರ ಬರೆಯುತ್ತಿರುವುದು ಒಂದೇ ಕಾರಣಕ್ಕೆ. ಕರಪತ್ರದ ಮುಂದಿನ ಮುದ್ರಣಕ್ಕೆ ಸೇರಿಸಬಹುದಾದ ಕೆಲವು ಸಂಗತಿಗಳು ನನ್ನಲ್ಲಿವೆ. ಅವನ್ನು ಉಚಿತವಾಗಿ ಒದಗಿಸುತ್ತಿದ್ದೇನೆ. ಜಾಗ ಸಾಲದಿದ್ದರೆ ಐನ್‌ಸ್ಟೈನ್ ಅವರನ್ನು ತೆಗೆಯಿರಿ. ಮನುಷ್ಯ ತನ್ನ ಮಿದುಳಿನ ಶೇಕಡಾ ಹತ್ತನ್ನಷ್ಟೇ ಬಳಸುತ್ತಾನೆ ಎಂಬ ಸಾಲನ್ನೂ ತೆಗೆಯಬಹುದು. ಅದು ಸುಳ್ಳು, ಜೊತೆಗೆ ಎರಡು ಸಾಲಿನಷ್ಟು ಜಾಗ ತಿನ್ನುತ್ತಿದೆ.

ಮೊದಲಿಗೆ ಪರಂಪರೆ. ತಾವು ಮಕ್ಕಳಿಗೆ ಮಾಡುವ ಪರೀಕ್ಷೆ ಸಣ್ಣದೇನಲ್ಲ, ಅದಕ್ಕೆ ನೂರಮೂವತ್ತು ವರ್ಷ ಮೀರಿದ ಇತಿಹಾಸವಿದೆ. 1887ರಲ್ಲಿ ಲಂಡನ್ನಿನ ಜೋಸೆಫ್ ಜೇಕಬ್ಸ್ ಶಾಲಾಮಕ್ಕಳಿಗೆ ಅಂಕಿಗಳನ್ನೂ ಅಕ್ಷರಗಳನ್ನೂ ಓದಿ ಹೇಳಿ, ಒಮ್ಮೆ ಕೇಳಿದ್ದನ್ನು ಅದೇ ಕ್ರಮದಲ್ಲಿ ಎಷ್ಟರವರೆಗೆ ಮರಳಿ ಹೇಳಬಲ್ಲರು ಎಂದು ಅಳೆದ. ಅಂಕಿಗಳಾದರೆ ಒಂಬತ್ತರ ಆಸುಪಾಸು, ಅಕ್ಷರಗಳಾದರೆ ಏಳರ ಆಸುಪಾಸು ಬಂತು. ಅಲ್ಲಿಂದ ಇಂದಿನವರೆಗೆ ವಿಧಾನ ಹೆಚ್ಚೇನೂ ಬದಲಾಗಿಲ್ಲ. ಸೆಕೆಂಡಿಗೊಂದು ಅಂಕಿ, ದನಿಯಲ್ಲಿ ಏರಿಳಿತವಿಲ್ಲದೆ ಓದಬೇಕು; ಸರಿಯಾಗಿ ಹೇಳಿದರೆ ಒಂದು ಅಂಕಿ ಹೆಚ್ಚಿಸಬೇಕು; ಎಡವಿದಲ್ಲಿ ನಿಲ್ಲಿಸಬೇಕು. ಆಮೇಲೆ ಅದನ್ನೇ ಹಿಂದುಮುಂದಾಗಿ ಹೇಳಿಸಬೇಕು, ಆಗ ಒಂದೆರಡು ಅಂಕಿ ಕಡಿಮೆಯಾಗುತ್ತದೆ. ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ, ಮರೆವಿನ ಕಾಯಿಲೆ ನೋಡುವ ವೈದ್ಯರ ಕೋಣೆಗಳಲ್ಲಿ ಇದು ಇಂದಿಗೂ ನಡೆಯುತ್ತದೆ. ಇದೇ ಜೇಕಬ್ಸ್ ಮುಂದೆ ಜಾನಪದಕ್ಕೆ ಹೊರಳಿ, ಜ್ಯಾಕ್ ಮತ್ತು ಹುರುಳಿಬಳ್ಳಿ, ಮೂರು ಹಂದಿಮರಿಗಳಂಥ ಕಥೆಗಳನ್ನು ಸಂಪಾದಿಸಿ ಹೆಸರಾದ. 1892ರಲ್ಲಿ ಭಾರತದ ಕಥೆಗಳದ್ದೂ ಒಂದು ಸಂಕಲನ ತಂದ. ಅಂಕಿ ನೆನಪಿನ ಪರೀಕ್ಷೆಯನ್ನು ಜಗತ್ತಿಗೆ ಕೊಟ್ಟವನೇ ಅಡಗೂಲಜ್ಜಿ ಕಥೆಗಳ ಸಂಪಾದಕನೂ ಹೌದು. ತಮ್ಮ ಉದ್ಯಮಕ್ಕೆ ಇದಕ್ಕಿಂತ ಒಪ್ಪುವ ಮೂಲಪುರುಷ ಸಿಗಲಾರ.

ಎರಡನೆಯದು ಆ ಹತ್ತು ಪಟ್ಟಿನ ಲೆಕ್ಕ. 1956ರಲ್ಲಿ ಅಮೆರಿಕದ ಜಾರ್ಜ್ ಮಿಲ್ಲರ್ ಎಂಬ ಮನೋವಿಜ್ಞಾನಿ ಏಳು ಎಂಬ ಸಂಖ್ಯೆಯ ಬಗ್ಗೆ ಒಂದು ಪ್ರಬಂಧ ಬರೆದ. ಎರಡು ಆಚೆ, ಎರಡು ಈಚೆ ಬಿಟ್ಟರೆ, ಮನುಷ್ಯ ಒಂದೇಟಿಗೆ ಮನಸ್ಸಿನಲ್ಲಿ ಹಿಡಿದಿಡುವುದು ಏಳು ಸಂಗತಿಗಳನ್ನು ಎಂದು ಲೋಕಕ್ಕೆಲ್ಲ ಅದು ಬಾಯಿಪಾಠವಾಯಿತು. ಅವನು ಹೇಳಿದ್ದರ ತಿರುಳು ಬೇರೆ ಇತ್ತು. ಏಳು ಎನ್ನುವುದು ಅಂಕಿಗಳ ಲೆಕ್ಕವಲ್ಲ, ಕಂತೆಗಳ ಲೆಕ್ಕ. ಒಂದು ಕಂತೆಯೊಳಗೆ ಎಷ್ಟು ತುಂಬಬಹುದು ಎಂಬುದು ಅವರವರ ಕಲಿಕೆಗೆ ಬಿಟ್ಟದ್ದು. ಸೊನ್ನೆ ಮತ್ತು ಒಂದು ಮಾತ್ರ ಇರುವ ಸಾಲನ್ನು ಐದೈದಾಗಿ ಕಟ್ಟಿ, ಪ್ರತಿ ಕಟ್ಟಿಗೂ ಒಂದು ಹೆಸರಿಟ್ಟು, ನಲವತ್ತರವರೆಗೆ ಒಪ್ಪಿಸಿದ ಒಬ್ಬನ ಉದಾಹರಣೆಯೂ ಆ ಪ್ರಬಂಧದಲ್ಲಿದೆ. 2001ರಲ್ಲಿ ನೆಲ್ಸನ್ ಕೋವನ್ ಎಂಬವರು ಹಳೆಯ ಪ್ರಯೋಗಗಳನ್ನೆಲ್ಲ ಜಾಲಿಸಿ, ಕಂತೆ ಕಟ್ಟಲು ಅವಕಾಶವನ್ನೇ ಕೊಡದಿದ್ದರೆ ಉಳಿಯುವುದು ಏಳಲ್ಲ, ನಾಲ್ಕರ ಸುಮಾರು ಎಂದರು. ಇದನ್ನು ತಾವು ಖಂಡಿತ ಬಳಸಿಕೊಳ್ಳಬೇಕು. ನಾಲ್ಕರ ಹತ್ತು ಪಟ್ಟು ನಲವತ್ತು. ಅಬ್ಯಾಕಸ್ ತರಗತಿಯ ನೆರವಿಲ್ಲದೆಯೇ ಲೆಕ್ಕ ಸರಿಹೋಯಿತು.

ಮೂರನೆಯದಾಗಿ ಒಬ್ಬ ಹುಡುಗನ ಕಥೆ. ಇದಕ್ಕೆ ಕರಪತ್ರದ ಹಿಂಬದಿ ಪೂರ್ತಿ ಬಿಡಬೇಕೆಂದು ನನ್ನ ವಿನಂತಿ.

ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಫಲೂನ್ ಎಂಬ ವಿದ್ಯಾರ್ಥಿಯಿದ್ದ. ಬುದ್ಧಿಯಲ್ಲೂ ನೆನಪಿನಲ್ಲೂ ನಿಮ್ಮ ನಮ್ಮಂಥವನು. ಮೊದಲ ದಿನಗಳಲ್ಲಿ ಏಳು ಅಂಕಿ ಹೇಳಿ ಎಂಟನೆಯದಕ್ಕೆ ಎಡವುತ್ತಿದ್ದ. ಆಂಡರ್ಸ್ ಎರಿಕ್ಸನ್ ಮತ್ತು ವಿಲಿಯಂ ಚೇಸ್ ಅವನನ್ನು ದಿನಕ್ಕೊಂದು ಗಂಟೆಯಂತೆ, ವಾರದಲ್ಲಿ ಮೂರರಿಂದ ಐದು ದಿನ ಕೂರಿಸಿ ಅಂಕಿ ಓದಿದರು. ಒಂದೂವರೆ ವರ್ಷಕ್ಕೂ ಮೇಲೆ, ಒಟ್ಟು ಸುಮಾರು 230 ಗಂಟೆಗಳ ಅಭ್ಯಾಸವಾಯಿತು. ಕೊನೆಗೆ ಅವನು ಒಮ್ಮೆ ಕೇಳಿ ಒಪ್ಪಿಸುತ್ತಿದ್ದದ್ದು 79 ಅಂಕಿ. ಮೂವರ ಹೆಸರಿನಲ್ಲಿ 1980ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಏಳರಿಂದ ಎಪ್ಪತ್ತೊಂಬತ್ತು! ತಮ್ಮ ಹತ್ತು ಪಟ್ಟನ್ನೂ ಮೀರಿತು. ಯಾರಾದರೂ ಸಂಶಯ ಪಟ್ಟರೆ ಇದನ್ನೇ ಮುಖಕ್ಕೆ ಹಿಡಿಯಿರಿ.

ಆದರೆ ಪೂರ್ತಿ ಓದಬೇಡಿ ಎಂದು ಅವರಿಗೆ ಹೇಳಿ. ಏಕೆಂದರೆ ಫಲೂನ್ ದೂರದ ಓಟಗಾರ. 3492 ಎಂದು ಕೇಳಿದ ಕೂಡಲೇ ಅವನಿಗದು ಮೂರು ನಿಮಿಷ ನಲವತ್ತೊಂಬತ್ತೂ ಚಿಲ್ಲರೆ ಸೆಕೆಂಡು, ಅಂದರೆ ಒಂದು ಮೈಲಿಯ ವಿಶ್ವದಾಖಲೆಯ ಹತ್ತಿರದ ಓಟ. 893 ಓಟದ ಸಮಯಕ್ಕೆ ಒಗ್ಗದು. ಅದು ಎಂಬತ್ತೊಂಬತ್ತು ದಾಟಿದ ಮುದುಕನ ವಯಸ್ಸು. ಹೀಗೆ ಮೂರು, ನಾಲ್ಕು ಅಂಕಿಗಳ ಕಂತೆ ಕಟ್ಟಿ, ಕಂತೆಗಳನ್ನು ಮತ್ತೆ ಕಂತೆ ಮಾಡಿ, ಆ ಎಪ್ಪತ್ತೊಂಬತ್ತನ್ನು ಅವನು ತನ್ನ ಓಟದ ನೆನಪಿನ ಮೇಲೆ ಹೇರಿದ್ದ. ಓಟದ ಸಮಯವಾಗಿ ಓದಲಾಗದಂಥ ಅಂಕಿಸಾಲನ್ನು ಬೇಕೆಂದೇ ಕೊಟ್ಟಾಗ ಅವನ ಸಾಧನೆ ಕುಸಿಯಿತು. ಅಂಕಿ ಬಿಟ್ಟು ಅಕ್ಷರ ಓದಿದಾಗ, ಅಷ್ಟೆಲ್ಲ ಅಭ್ಯಾಸದ ಬಳಿಕವೂ, ಒಪ್ಪಿಸಿದ್ದು ಆರರ ಸುಮಾರು. ಇದಿಷ್ಟನ್ನು ಸಣ್ಣ ಅಕ್ಷರದಲ್ಲಿ ಹಾಕಬಹುದು. ‘ಷರತ್ತುಗಳು ಅನ್ವಯ’ ಎಂಬ ನಕ್ಷತ್ರ ಚಿಹ್ನೆ ಹೇಗೂ ತಮ್ಮಲ್ಲಿದೆ.

ಅಮೆರಿಕದ ಮೈಲಿ ಓಟ ನಮ್ಮ ಪೋಷಕರಿಗೆ ಅರ್ಥವಾಗದು ಎನ್ನುತ್ತೀರಾದರೆ ಕ್ರಿಕೆಟ್ಟಿದೆ. 2 8 1 1 8 0 1 0 7 4 ಎಂಬ ಹತ್ತು ಅಂಕಿಗಳನ್ನು ನಲವತ್ತು ದಾಟಿದ ಯಾವನೇ ಬೆಂಗಳೂರಿನ ಕ್ರಿಕೆಟ್ ಹುಚ್ಚನಿಗೆ ಓದಿ ನೋಡಿ. 2001ರ ಕೋಲ್ಕತ್ತ ಟೆಸ್ಟಿನ ಲಕ್ಷ್ಮಣ್ 281, ಅದೇ ಜೊತೆಯಾಟದ ದ್ರಾವಿಡ್ 180, 1999ರಲ್ಲಿ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ಟನ್ನು ಕುಂಬ್ಳೆ 74 ರನ್ನಿಗೆ ಕಿತ್ತದ್ದು. ಒಮ್ಮೆ ಕಿವಿಗೆ ಬಿದ್ದರೆ ಸಾಕು, ಹತ್ತು ವರ್ಷ ಬಿಟ್ಟು ಕೇಳಿದರೂ ಹೇಳುತ್ತಾನೆ. ಬೇಡವೆಂದರೂ ಫಾಲೋ ಆನ್ ಕಥೆಯನ್ನೂ ಸೇರಿಸುತ್ತಾನೆ. ಅದೇ ಹತ್ತು ಅಂಕಿಗಳನ್ನು ಕಲಸಿ 1 8 4 0 7 2 1 1 0 8 ಎಂದು ಓದಿ, ಐದನೆಯದಕ್ಕೆ ಕಣ್ಣು ಮೇಲಕ್ಕೆ ಹೋಗುತ್ತದೆ. ಅಂಕಿಗಳೂ ಅವೇ, ತಲೆಯೂ ಅದೇ. ಇಲ್ಲಿ ಹೆಚ್ಚು ಕಡಿಮೆಯಾದದ್ದನ್ನು ‘ಶಕ್ತಿ’ ಎಂದು ಕರೆದು ಶುಲ್ಕ ವಸೂಲಿ ಮಾಡುವ ಧೈರ್ಯಕ್ಕೆ ತಮಗೇ ಒಂದು ಪದಕ ಕೊಡಬೇಕು.

ಕರಪತ್ರದಲ್ಲಿ ಮಂಗಳೂರಿನ ಹೆಸರನ್ನು ಬಿಟ್ಟದ್ದು ಮಾತ್ರ ನನಗೆ ಬೇಸರ ತಂದಿತು. ಕರ್ನಾಟಕದ ನೆಲದಲ್ಲೇ ನಡೆದ ಮಾತಿದು. 1981ರ ಜುಲೈ 5ರಂದು ರಾಜನ್ ಮಹಾದೇವನ್ ಮಂಗಳೂರಿನ ಸಭೆಯೊಂದರಲ್ಲಿ ಪೈ ಸಂಖ್ಯೆಯ 31,811 ಅಂಕಿಗಳನ್ನು ನೆನಪಿನಿಂದ ಒಪ್ಪಿಸಿ ವಿಶ್ವದಾಖಲೆ ಮಾಡಿದರು. 1987ರಲ್ಲಿ ಜಪಾನಿನ ಹಿದೆಯಾಕಿ ತೊಮೊಯೊರಿ ನಲವತ್ತು ಸಾವಿರ ಹೇಳುವವರೆಗೂ ಅದು ನಿಂತಿತ್ತು. ರಾಜನ್ ಮುಂದೆ ಅಮೆರಿಕಕ್ಕೆ ಹೋಗಿ ಮನೋವಿಜ್ಞಾನವನ್ನೇ ಓದಿದರು. ಕ್ಯಾನ್ಸಾಸ್‌ನ ವಿದ್ವಾಂಸರು ಅವರ ನೆನಪಿನ ಮೇಲೆ ಒಂದು ಪುಸ್ತಕವನ್ನೇ ಬರೆದರು. ಅಲ್ಲಿ ಬಹಳ ಕಾಲ ನಡೆದ ವಾದವೆಂದರೆ, ಇವರದು ಹುಟ್ಟಿನಿಂದ ಬಂದ ವಿಶೇಷ ಸಾಮರ್ಥ್ಯವೋ ಅಥವಾ ಅಭ್ಯಾಸವೋ ಎಂಬುದು. ವಸ್ತುಗಳು ಎಲ್ಲಿದ್ದವು, ಯಾವ ಕಡೆಗೆ ಮುಖ ಮಾಡಿದ್ದವು ಎಂದು ಕೇಳಿ 1992ರಲ್ಲಿ ಒಂದು ತಂಡ ಪರೀಕ್ಷಿಸಿತು. ಅದರಲ್ಲಿ ಅವರ ನೆನಪು ಎಲ್ಲರಂತೆಯೇ. 2004ರಲ್ಲಿ ಎರಿಕ್ಸನ್ ತಂಡ ಅಂಕಿಗಳ ಬದಲು ಚಿಹ್ನೆಗಳ ಸಾಲು ಕೊಟ್ಟಿತು. ಅಲ್ಲೂ ಸಾಮಾನ್ಯ ಕಾಲೇಜು ವಿದ್ಯಾರ್ಥಿಯ ಮಟ್ಟ. ಆ ಪ್ರಬಂಧದ ಲೇಖಕರಲ್ಲಿ ರಾಜನ್ ಅವರ ಹೆಸರೂ ಇದೆ ಎಂಬುದನ್ನು ಗಮನಿಸಬೇಕು. ಮೂವತ್ತೊಂದು ಸಾವಿರ ಅಂಕಿ ಒಪ್ಪಿಸಿದ ಮನುಷ್ಯ, ತನ್ನ ಬೇರೆ ನೆನಪು ಸಾಧಾರಣ ಎಂಬ ಲೇಖನಕ್ಕೆ ಸಹಿ ಹಾಕುತ್ತಾರೆ. ನಲವತ್ತು ಅಂಕಿಯವರು ಶಾಲು ಹೊದೆಯುತ್ತಾರೆ.

ಇಷ್ಟು ಹೇಳಿದ ಮೇಲೆ ಲಾಭದ ಮಾತು ಹೇಳದಿದ್ದರೆ ತಾವು ಪತ್ರ ಮಡಚಿಡುತ್ತೀರಿ. ಒಂದು ಉಪಾಯವಿದೆ, ಖರ್ಚಿಲ್ಲದ್ದು. ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದಂತೆ, ಕೇಳಿದ್ದನ್ನು ನಾವು ಮನಸ್ಸಿನೊಳಗೇ ಗುನುಗುತ್ತ ಹಿಡಿದಿಡುತ್ತೇವೆ. ಸುಮಾರು ಎರಡು ಸೆಕೆಂಡಿನಲ್ಲಿ ಎಷ್ಟು ಉಚ್ಚರಿಸಬಹುದೋ ಅಷ್ಟೇ ಉಳಿಯುತ್ತದೆ. ಉದ್ದ ಪದವಾದರೆ ಕಡಿಮೆ, ಗಿಡ್ಡ ಪದವಾದರೆ ಹೆಚ್ಚು. ಬ್ರಿಟನ್ನಿನ ವೇಲ್ಸ್ ಮಕ್ಕಳು ಅಂಕಿ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಿದ್ದುದಕ್ಕೆ ಬುದ್ಧಿ ಕಾರಣವಲ್ಲ, ವೆಲ್ಷ್ ಭಾಷೆಯ ಅಂಕಿಗಳನ್ನು ಹೇಳಲು ಹೆಚ್ಚು ಹೊತ್ತು ಬೇಕಾಗುತ್ತದೆ ಎಂಬುದು ಕಾರಣ ಎಂದು 1980ರಲ್ಲಿ ಎಲಿಸ್ ಮತ್ತು ಹೆನ್ನೆಲ್ಲಿ ತೋರಿಸಿದರು. ಈಗ ನಮ್ಮ ಒಂದು, ಎರಡು, ಮೂರು, ನಾಲ್ಕನ್ನು ಇಂಗ್ಲಿಷಿನ ವನ್, ಟೂ, ಥ್ರೀ, ಫೋರ್ ಪಕ್ಕ ಇಟ್ಟು ನೋಡಿ. ಒಂಬತ್ತು ಮುಗಿಯುವಷ್ಟರಲ್ಲಿ ಅವರದು ಇನ್ನೊಂದು ಅಂಕಿ ಬಂದಿರುತ್ತದೆ. ಆದ್ದರಿಂದ ಮೊದಲ ದಿನದ ಪರೀಕ್ಷೆಯನ್ನು ಅಚ್ಚ ಕನ್ನಡದಲ್ಲಿ, ಪ್ರತಿ ಉಕಾರವನ್ನೂ ಸ್ಪಷ್ಟವಾಗಿ ಉಚ್ಚರಿಸಿ ನಡೆಸಿ. ರಾಜ್ಯೋತ್ಸವದ ಭಾವನೆಯೂ ಬಂದಂತಾಯಿತು. ಕೊನೆಯ ದಿನದ್ದನ್ನು ಇಂಗ್ಲಿಷಿನಲ್ಲಿ. ನಡುವೆ ಏನೂ ಕಲಿಸದಿದ್ದರೂ ಒಂದಿಷ್ಟು ಪ್ರಗತಿ ಗ್ಯಾರಂಟಿ. ನಮ್ಮ ಮಂಡಿಯ ಲೆಕ್ಕದವರಿಗೆ ಈ ತೊಂದರೆ ಇರಲಿಲ್ಲವೆನ್ನಿ. ಒಂದ್, ಎರಡ್, ಮೂರ್, ನಾಕ್ ಎಂದು ಬಾಲ ಕತ್ತರಿಸಿ ಮೂಟೆ ಎಣಿಸುತ್ತಿದ್ದ ಅವರಿಗೆ ಬ್ಯಾಡ್ಲಿಯ ಅಗತ್ಯ ಬೀಳಲಿಲ್ಲ.

‘ಋಷಿಮುನಿಗಳ ರಹಸ್ಯ ತಂತ್ರ’ ಎಂದು ತಾವು ಬರೆದ ಭಾಗಕ್ಕೆ ಸ್ವಲ್ಪ ತಿದ್ದುಪಡಿ ಬೇಕು. ತಂತ್ರವಿದೆ, ಆದರೆ ರಹಸ್ಯವಲ್ಲ. ಕಟಪಯಾದಿ ಕ್ರಮದಲ್ಲಿ ಒಂದೊಂದು ವ್ಯಂಜನಕ್ಕೆ ಒಂದೊಂದು ಅಂಕಿ. ಅಂಕಿಸಾಲನ್ನು ಅರ್ಥವಿರುವ ಮಾತಾಗಿಸಿ ಇಟ್ಟುಕೊಳ್ಳಬಹುದು. ಸಂಗೀತದ ಮೇಷ್ಟ್ರ ಮುಂದೆ ಸರಳೆ ಒಪ್ಪಿಸುವ ಪ್ರತಿ ಮಗುವಿನ ಬಾಯಲ್ಲೂ ಅದಿದೆ. ಮಾಯಾಮಾಳವಗೌಳದ ‘ಮಾ’ ಐದು, ‘ಯಾ’ ಒಂದು. ಬಲದಿಂದ ಎಡಕ್ಕೆ ಓದಿದರೆ ಹದಿನೈದನೆಯ ಮೇಳ. ಧೀರಶಂಕರಾಭರಣ ಇಪ್ಪತ್ತೊಂಬತ್ತು, ಮೇಚಕಲ್ಯಾಣಿ ಅರವತ್ತೈದು. ಎಪ್ಪತ್ತೆರಡು ಮೇಳಗಳ ಕ್ರಮಾಂಕ ಹೀಗೆ ಹೆಸರಿನಲ್ಲೇ ಕೂತಿದೆ. ಇನ್ನು ಅವಧಾನದ ಸಂಖ್ಯಾಬಂಧ, ಎಂದರೆ ಅಂಕಿಗಳ ಮಾಯಾಚೌಕ. ಶತಾವಧಾನಿ ಗಣೇಶರ ಅವಧಾನ ನೋಡಿದವರಿಗೆ ಗೊತ್ತು, ಸಮಸ್ಯಾಪೂರ್ತಿ, ದತ್ತಪದಿ, ನಿಷೇಧಾಕ್ಷರಿಗಳ ನಡುವೆ ಪ್ರಶ್ನೆ ಕೇಳುವ ಪೃಚ್ಛಕರು ತಮಗೆ ತೋಚಿದಾಗ ಚೌಕದ ಇಂತಿಂಥ ಮನೆಯ ಸಂಖ್ಯೆಯೇನು ಎನ್ನುತ್ತಾರೆ, ಅಪ್ರಸ್ತುತ ಪ್ರಸಂಗದವರು ನಡುವೆ ಬಾಯಿ ಹಾಕುತ್ತಾರೆ. ಕೊನೆಗೆ ಅಡ್ಡಸಾಲು, ಉದ್ದಸಾಲು ಯಾವುದನ್ನು ಕೂಡಿದರೂ ಒಂದೇ ಮೊತ್ತ. ಅಲ್ಲಿ ಅವಧಾನಿ ಉರು ಹೊಡೆದ ಅಂಕಿ ಒಪ್ಪಿಸುವುದಿಲ್ಲ. ಚೌಕದ ನಿಯಮ ಗೊತ್ತಿದ್ದವರಿಗೆ ಎಲ್ಲ ಮನೆಗಳೂ ಒಂದೇ ಕಂತೆ. ಅದರ ಹಿಂದೆ ಛಂದಸ್ಸು, ಕಾವ್ಯ, ಶಾಸ್ತ್ರಗಳ ದಶಕಗಳ ಓದಿದೆ. ಮೂರು ವಾರದ ಕೋರ್ಸಿಗೆ ಋಷಿಮುನಿಗಳ ಹೆಸರನ್ನು ತಳಕು ಹಾಕುವಾಗ ಕೈ ನಡುಗಲಿಲ್ಲವೆಂದರೆ, ತಮ್ಮ ಏಕಾಗ್ರತೆಯನ್ನು ಮೆಚ್ಚಲೇಬೇಕು.

ಮೊಬೈಲಿನಲ್ಲಿ ಮಿದುಳಿಗೆ ವ್ಯಾಯಾಮ ಕೊಡುವ ಆಪ್ ಕೂಡ ತರುತ್ತೀರಂತೆ. ಸಂತೋಷ. 2008ರಲ್ಲಿ ಸೂಸನ್ ಯೆಗಿ ಮತ್ತು ಸಂಗಡಿಗರು, ಹಿಂದಿನ ಹಿಂದಿನದನ್ನು ನೆನಪಿಡುವ ಒಂದು ಬಗೆಯ ಆಟದಿಂದ ಬುದ್ಧಿಯೇ ಚುರುಕಾಗುತ್ತದೆ ಎಂದು ಬರೆದಾಗ ಜಗತ್ತು ಕಿವಿ ನಿಮಿರಿಸಿತ್ತು. ಬೇರೆಯವರು ಮಾಡಿ ನೋಡಿದಾಗ ಆಟದಲ್ಲಿ ಚುರುಕಾದವರು ಆಟದಲ್ಲೇ ಚುರುಕಾದದ್ದು ಕಂಡಿತು. 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಜಾಹೀರಾತಿನಲ್ಲಿ ಆಧಾರವಿಲ್ಲದ ಭರವಸೆ ಕೊಟ್ಟರೆಂಬ ಆರೋಪದ ಮೇಲೆ ಲುಮಾಸಿಟಿ ಆಪ್‌ನವರಿಂದ ಇಪ್ಪತ್ತು ಲಕ್ಷ ಡಾಲರ್ ಕಟ್ಟಿಸಿಕೊಂಡಿತು. ಈ ಪ್ಯಾರಾ ಮುದ್ರಣಕ್ಕಲ್ಲ, ತಮ್ಮ ಆಡಿಟರಿಗೆ.

ಅಸಲು ಎಡವಟ್ಟು ಇರುವುದು ಅಳತೆಯಲ್ಲಿ. ಅಂಕಿ ಪರೀಕ್ಷೆ ಹುಟ್ಟಿದ್ದು, ಯಾವ ಉಪಾಯವನ್ನೂ ಕಲಿಯದ ತಲೆ ತಾನಾಗಿ ಎಷ್ಟು ಹಿಡಿದೀತು ಎಂದು ನೋಡಲು. ಉಪಾಯ ಕಲಿಸಿ ಅದೇ ಪರೀಕ್ಷೆಯಲ್ಲಿ ಅಂಕ ಏರಿಸುವುದು, ಶಾಲೆ ತಪ್ಪಿಸಲು ಥರ್ಮಾಮೀಟರನ್ನು ಬಿಸಿ ಕಾಫಿಯಲ್ಲಿ ಅದ್ದಿದ ಹುಡುಗನ ಕೆಲಸ. ಪಾದರಸ ಏರಿದ್ದು ನಿಜ, ಸುಳ್ಳಲ್ಲ. ಆದರೆ ಆ ಹುಡುಗ ಅದಕ್ಕೆ ಪ್ರಮಾಣಪತ್ರ ಕೊಡುವುದಿಲ್ಲ, ಲ್ಯಾಮಿನೇಷನ್ನಿಗೆ ಬೇರೆ ದುಡ್ಡನ್ನೂ ಕೇಳುವುದಿಲ್ಲ.

ಬದುಕಿಗೆ ಇದೆಲ್ಲ ಎಷ್ಟು ಬೇಕು ಎಂಬ ಪ್ರಶ್ನೆಗೆ ಒಬ್ಬ ಎಂಜಿನಿಯರ್ ಉತ್ತರ ಕೊಟ್ಟು ಹೋಗಿದ್ದಾನೆ. ನಮ್ಮ ಶಿಲ್ಲಾಂಗಿನಲ್ಲಿ 1925ರಲ್ಲಿ ಹುಟ್ಟಿದ ಬ್ರಿಟಿಷ್ ಮನುಷ್ಯ ಜಾನ್ ಶೆಫರ್ಡ್ ಬ್ಯಾರನ್, 1967ರಲ್ಲಿ ಲಂಡನ್ನಿನ ಎನ್‌ಫೀಲ್ಡಿನ ಬ್ಯಾಂಕೊಂದರಲ್ಲಿ ಹಣ ಕೊಡುವ ಯಂತ್ರ ಕೂರಿಸಿದ. ಗುಪ್ತ ಸಂಖ್ಯೆ ಆರು ಅಂಕಿಯದ್ದಿರಲಿ ಎಂದುಕೊಂಡಿದ್ದನಂತೆ. ಅಡುಗೆಮನೆಯ ಮೇಜಿನ ಬಳಿ ಹೆಂಡತಿಯನ್ನು ಕೇಳಿದಾಗ ತನಗೆ ನಾಲ್ಕರ ಮೇಲೆ ನೆನಪಿರುವುದಿಲ್ಲ ಎಂದಳು. ಅವನೇ ಮುಂದೆ ಹೇಳಿಕೊಂಡ ಕಥೆಯಿದು. ಆತ ಹೆಂಡತಿಯನ್ನು ಶಿಬಿರಕ್ಕೆ ಕಳಿಸಲಿಲ್ಲ. ಸಂಖ್ಯೆಯಿಂದ ಎರಡು ಅಂಕಿ ತೆಗೆದ. ಇಂಥ ಬುದ್ಧಿವಂತಿಕೆ ಎಲ್ಲರಿಗೂ ಇರುವುದಿಲ್ಲ. ಕೇಂಬ್ರಿಜ್‌ನ ಮನೋವಿಜ್ಞಾನಿ ಕಾನ್ರಾಡ್ 1958ರಲ್ಲೇ, ನೆನಪಿಟ್ಟ ದೂರವಾಣಿ ಸಂಖ್ಯೆಗೆ ಮೊದಲು ಒಂದು ಸೊನ್ನೆ ತಿರುಗಿಸಬೇಕಾಗಿ ಬಂದರೆ, ಆ ಒಂದು ಸೊನ್ನೆಯಿಂದಲೇ ಉಳಿದದ್ದು ತಪ್ಪಿಹೋಗುವುದು ಹೆಚ್ಚುತ್ತದೆ ಎಂದು ಪ್ರಯೋಗ ಮಾಡಿ ತೋರಿಸಿದ್ದ. ನಮ್ಮಲ್ಲಿ 2021ರ ಜನವರಿಯಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡಲು ಮುಂದೊಂದು ಸೊನ್ನೆ ಕಡ್ಡಾಯ. ತಮ್ಮ ಉದ್ಯಮಕ್ಕೆ ಸರ್ಕಾರದ ಈ ನೆರವು ಸಣ್ಣದಲ್ಲ.

ಮಗುವಿಗೆ ನಿಜವಾಗಿ ಬಾಯಿಗೆ ಬರಬೇಕಾದ್ದು ಅಮ್ಮನ ಮೊಬೈಲ್ ನಂಬರು. ಜಾತ್ರೆಯಲ್ಲಿ ಕೈ ತಪ್ಪಿದರೆ ಪೊಲೀಸಿನವರಿಗೆ ಹೇಳಲು ಅದೊಂದು ಸಾಕು. ಅದನ್ನು ಕಲಿಸುವ ಬಗೆಯೂ ಗೊತ್ತಿದ್ದದ್ದೇ: ಮೂರು, ಮೂರು, ನಾಲ್ಕಾಗಿ ಒಡೆಯಿರಿ, ಪ್ರತಿ ತುಂಡಿನ ಕೊನೆಗೆ ಉಸಿರು ಬಿಡಿ, ಯಾವುದಾದರೂ ರಾಗಕ್ಕೆ ಕೂರಿಸಿ, ಅಜ್ಜನ ಹುಟ್ಟಿದ ವರ್ಷವೋ ಬಸ್ಸಿನ ನಂಬರೋ ಒಳಗೆ ಅಡಗಿದ್ದರೆ ತೋರಿಸಿಕೊಡಿ, ಒಂದು ಗಂಟೆ ಬಿಟ್ಟು ಕೇಳಿ, ಮರುದಿನ ಕೇಳಿ, ವಾರ ಬಿಟ್ಟು ಮತ್ತೆ ಕೇಳಿ. ಆಧಾರ್ ಕಾರ್ಡಿನವರು ಹನ್ನೆರಡು ಅಂಕಿಗಳನ್ನು ನಾಲ್ಕು ನಾಲ್ಕಾಗಿ ಬಿಡಿಸಿ ಅಚ್ಚು ಹಾಕಿದ್ದಾರಲ್ಲ, ಅರ್ಧ ಪಾಠ ಅಲ್ಲೇ ಇದೆ. ಇದಕ್ಕೆ ಒಂದು ಮಧ್ಯಾಹ್ನ ಸಾಕಾಗುವುದರಿಂದ ಶುಲ್ಕದ ವಿಚಾರದಲ್ಲಿ ತಮಗೆ ತೊಡಕಾಗಬಹುದು ಎಂಬುದನ್ನು ಬಲ್ಲೆ. ಊಟದ ವ್ಯವಸ್ಥೆ ಸೇರಿಸಿಕೊಳ್ಳಿ.

ಕೊನೆಯದಾಗಿ, ತಮ್ಮ ಉಚಿತ ಡೆಮೊ ತರಗತಿಗೆ ನಾನೂ ಬರುವವನಿದ್ದೇನೆ. ಪದಕ ಪಡೆದ ಹಳೆಯ ವಿದ್ಯಾರ್ಥಿಗಳನ್ನು ವೇದಿಕೆಗೆ ಕರೆಯಿರಿ. ಅಂಕಿ ಬೇಡ, ಟ, ಗ, ಲ, ಸ, ಮ ಇಂಥ ವ್ಯಂಜನಗಳನ್ನು ಚೀಟಿ ಎತ್ತಿ, ಸೆಕೆಂಡಿಗೊಂದರಂತೆ ಓದೋಣ. ಪ, ಬ, ಭ ಒಟ್ಟಿಗೆ ಹಾಕುವುದಿಲ್ಲ. ದನಿ ಹತ್ತಿರವಾದರೆ ಎಂಥವರಿಗೂ ಕಲಸಿಹೋಗುತ್ತದೆ, ನಾನು ಅಷ್ಟು ಕೆಟ್ಟವನಲ್ಲ. ಅವರ ಪಕ್ಕದಲ್ಲೇ ಶಿಬಿರಕ್ಕೆ ಬಾರದ ಅಷ್ಟೇ ಮಕ್ಕಳನ್ನೂ ಕೂರಿಸೋಣ. ಯಾರು ಯಾವ ಗುಂಪಿನವರು ಎಂಬುದು ಓದುವವನಿಗೆ ಗೊತ್ತಿರಬಾರದು, ಆದ್ದರಿಂದ ಓದುವ ಕೆಲಸ ತಮ್ಮದಲ್ಲ. ಚೀಟಿಗಳನ್ನು ನಾನೇ ಬರೆದು ತರುತ್ತೇನೆ. ಮೈಕು, ಜಮಖಾನ, ಮುಖ್ಯ ಅತಿಥಿ ಮಾತ್ರ ತಮ್ಮ ಕಡೆಯಿಂದ.

ಇತಿ,
ತಮ್ಮ ವಿಶ್ವಾಸಿ,
ಪದಕ ಪಡೆದ ಹುಡುಗಿಯ ದೊಡ್ಡಪ್ಪ